ಬಳೆಗೆ ಸುತ್ತಿದ ಕರವಸ್ತ್ರ

ನನ್ನ ಬಲಗೈ ನನ್ನದೇ ಎಂಬ ವಿಷಯದಲ್ಲಿ ಮೂವತ್ತಾರು ವರ್ಷಗಳ ಕಾಲ ನನಗೆ ಸಂದೇಹವೇ ಬಂದಿರಲಿಲ್ಲ. ಉಣ್ಣುವುದು, ಬರೆಯುವುದು, ಹಿರಿಯರಿಗೆ ನಮಸ್ಕರಿಸುವುದು, ಹಿಂದಿನ ಬೆಂಚಿನ ಹುಡುಗರತ್ತ ಬೆರಳು ತೋರುವುದು, ಇವೆಲ್ಲವನ್ನೂ ಅದು ಹೇಳುವ ಮೊದಲೇ ಮಾಡಿಕೊಂಡು ಬಂದಿತ್ತು. ಹೇಳುವ ಮೊದಲೇ ಕೆಲಸ ಮಾಡುವವರನ್ನು ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಿರಲಿಲ್ಲ.

ಕಳೆದ ವರ್ಷದ ಆಷಾಢದಲ್ಲಿ ನಮ್ಮ ಮನೆಯವರಿಗೆಲ್ಲ ಸರದಿಯ ಮೇಲೆ ಜ್ವರ ಬಂದಿತು. ಮೈಸೂರಿನಲ್ಲಿ ಆಗ ಯಾವ ಮನೆಯಲ್ಲಿ ಕೆಮ್ಮು ಕೇಳಿಸುತ್ತಿರಲಿಲ್ಲ? ನನ್ನದು ಮೂರೇ ದಿನಕ್ಕೆ ಇಳಿಯಿತು. ಇಳಿದು ವಾರವಾಗಿತ್ತು; ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ, ಬಲಭುಜದೊಳಗೆ ಯಾರೊ ಕಾದ ಸರಳನ್ನು ತೂರಿಸಿ ತಿರುವಿದಂತಾಗಿ ಎದ್ದು ಕುಳಿತೆ. ಮಲಗಿದರೆ ನೋವು, ಕುಳಿತರೆ ನೋವು, ಕೈಯನ್ನು ಇಳಿಬಿಟ್ಟರೂ ಮಡಿಸಿಕೊಂಡರೂ ಅದೇ ನೋವು. ಹಲ್ಲುನೋವಿನಲ್ಲಿ ರಾತ್ರಿಗಳನ್ನು ಕಳೆದವನು ನಾನು. ಇದರ ಮುಂದೆ ಅದು ವಿನೋದವೆಂದೇ ಹೇಳಬೇಕು. ನನ್ನ ಮಡದಿ ಬಿಸಿನೀರಿನ ಚೀಲ ತಂದಿಟ್ಟಳು. ಪಕ್ಕದ ಕೋಣೆಯಿಂದ ಎದ್ದು ಬಂದ ನಮ್ಮ ತಾಯಿಯವರು, "ದಿಂಬು ಸರಿಯಾಗಿ ಇಟ್ಟುಕೊಂಡಿಲ್ಲ, ಉಳುಕಿದೆ ಅಷ್ಟೆ ಕಣೋ," ಎಂದು ತೀರ್ಪು ಕೊಟ್ಟು, ಎಣ್ಣೆ ಕಾಯಿಸಲು ಅಡುಗೆಮನೆಗೆ ಹೋದರು.

ಭುಜದ ನೋವೆಂದರೆ ಮೊದಲು ಎದೆಯನ್ನು ನೋಡಿಸಬೇಕೆಂಬ ತಿಳಿವಳಿಕೆ ನನ್ನವಳಿಗಿತ್ತು. ಬಲಗೈಯಾದರೇನು, ಎಡಗೈಯಾದರೇನು, ಇಂಥ ಹೊತ್ತಿನಲ್ಲಿ ನಾವೇ ವೈದ್ಯರಾಗಬಾರದು. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಇ.ಸಿ.ಜಿ. ಸರಿಯಾಗಿತ್ತು. ಹೃದಯ ನೆಟ್ಟಗಿದೆ ಎಂದು ತಿಳಿದು ಮನಸ್ಸಿಗೆ ನೆಮ್ಮದಿಯಾಯಿತು. ಭುಜಕ್ಕೆ ಮಾತ್ರ ಆ ಸಮಾಚಾರ ಮುಟ್ಟಲಿಲ್ಲ. ನೋವಿನ ಮಾತ್ರೆಗಳನ್ನು ಕಟ್ಟಿಸಿಕೊಂಡು ಬೆಳಗಿನ ಜಾವಕ್ಕೆ ಮನೆಗೆ ಬಂದೆವು.

ಹೀಗೆ ಹದಿನೈದು ದಿನ ಕಳೆಯಿತು. ಬಳಿಕ, ಬಂದ ಹಾಗೆಯೇ, ನೋವು ತಾನಾಗಿ ಇಳಿಯತೊಡಗಿತು. ತಾಯಿಯವರು ತಮ್ಮ ಎಣ್ಣೆಗೆ ಕೀರ್ತಿ ಸಲ್ಲಿಸಿದರು; ನಾನು ದೇವರಿಗೆ ತೆಂಗಿನಕಾಯಿ ಒಡೆಸಿ ಕಾಲೇಜಿಗೆ ಹೊರಟೆ.

ಆ ದಿನ ಪಾಠ ಕಂದಪದ್ಯದ ಲಕ್ಷಣ. ಈಗ ತರಗತಿಗಳಲ್ಲಿ ಪರದೆಯೂ ಉಂಟು, ಯಂತ್ರವೂ ಉಂಟು. ಆದರೆ ಪ್ರಸ್ತಾರ ಹಾಕುವುದನ್ನು ಕಲಿಸಲು ಹಲಗೆಯೇ ಬೇಕೆಂಬುದು ನನ್ನ ಹಟ. ಪದ್ಯವನ್ನು ಬರೆದು, ಅಕ್ಷರಗಳ ನೆತ್ತಿಯ ಮೇಲೆ ಲಘು ಗುರುಗಳ ಗುರುತು ಹಾಕುತ್ತ, ನಾಲ್ಕು ಮಾತ್ರೆಗೊಂದು ಗೆರೆ ಎಳೆಯುತ್ತ ಹೋಗಬೇಕು. ನಾನು ಸೀಮೆಸುಣ್ಣ ಹಿಡಿದು ಕೈ ಎತ್ತಿದೆ. ಕೈ ಭುಜದ ಮಟ್ಟದವರೆಗೆ ಬಂದು ಅಲ್ಲಿಯೇ ನಿಂತಿತು. ನೋವೇನೂ ಇಲ್ಲ. ಹೋಗು ಎಂದೆ, ಹೋಗಲಿಲ್ಲ. ಅದು ಬೇರೆ ಯಾರದೊ ಕೈಯೆಂಬಂತೆ ಸುಮ್ಮನಿತ್ತು. ಎಡಗೈಯಿಂದ ಬಲಮೊಣಕೈಯನ್ನು ತಳ್ಳಿ ಎರಡಕ್ಷರ ಬರೆದೆ. ಗುರುವಿನ ಗೆರೆ ಜಾರಿ ಕೆಳಗಿನ ಸಾಲಿಗೆ ಬಂದಿತು. ಹಿಂದಿನ ಬೆಂಚಿನಿಂದ ಒಂದು ಕಿಸಕ್ಕನೆಯ ನಗೆ. ಆ ದಿನ ಕಂದಪದ್ಯವನ್ನು ಹಲಗೆಯ ಕೆಳಗಿನ ಅರ್ಧದಲ್ಲಿ, ಬಗ್ಗಿ ನಿಂತು ಬರೆದು ಮುಗಿಸಿದೆ. ಬೆವರು ಹಣೆಯಿಂದ ಹಲಗೆಯ ಚೌಕಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೂಳೆ ವೈದ್ಯರೊಬ್ಬರು ಪರೀಕ್ಷಿಸಿ, 'ಫ್ರೋಜನ್ ಶೋಲ್ಡರ್' ಎಂದರು; ಅಂದರೆ ಭುಜದ ಕೀಲು ಬಿಗಿದುಕೊಂಡಿದೆ ಎಂದು. ಗೋಡೆಯ ಮೇಲೆ ಬೆರಳುಗಳಿಂದ ಹತ್ತುವ ವ್ಯಾಯಾಮ ಹೇಳಿದರು. ಅವರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರ ಹೊರಗೆ ಅಂದು ಎಪ್ಪತ್ತು ಮಂದಿ ಕಾದಿದ್ದರು, ಅವರಲ್ಲಿ ಅನೇಕರಿಗೆ ನಿಜವಾಗಿಯೂ ಅದೇ ರೋಗವಿದ್ದಿರಬೇಕು. ಆರು ವಾರ ನಾನು ಪಡಸಾಲೆಯ ಗೋಡೆಯನ್ನು ಹಲ್ಲಿಯಂತೆ ಹತ್ತಿದೆ. ಸಂಜೆ ಮಹಾನಾರಾಯಣ ತೈಲದ ತಿಕ್ಕಾಟ. ಗೋಡೆಗೆ ಎಣ್ಣೆಯ ಕಲೆ ಬಿದ್ದದ್ದು ಬಿಟ್ಟರೆ ಬೇರೆ ಪರಿಣಾಮ ಕಾಣಲಿಲ್ಲ.

ರೋಗವನ್ನು ಮೊದಲು ಕಂಡುಹಿಡಿದವಳು ನನ್ನ ಏಳು ವರ್ಷದ ಮಗಳು. ಒಂದು ಭಾನುವಾರ ಬನಿಯನ್ನೂ ಇಲ್ಲದೆ, ಪುಸ್ತಕದ ಬೀರುವನ್ನು ಗೋಡೆಯತ್ತ ನೂಕುತ್ತಿದ್ದೆ. ಹಿಂದಿನಿಂದ ಅವಳು ಚಪ್ಪಾಳೆ ತಟ್ಟಿ, "ಅಮ್ಮಾ, ಅಪ್ಪನಿಗೆ ರೆಕ್ಕೆ ಬಂದಿದೆ, ಒಂದೇ ರೆಕ್ಕೆ!" ಎಂದು ಕೂಗಿದಳು. ಮಡದಿ ಬಂದು ನೋಡಿದಳು. ಅವಳ ಮುಖ ಬಿಳಿಚಿತು. ಬೆನ್ನಿನ ಬಲಗಡೆಯ ಹಲಗೆಮೂಳೆ ಪಕ್ಕೆಲುಬುಗಳಿಂದ ಬಿಡಿಸಿಕೊಂಡು, ಚರ್ಮವನ್ನು ಎತ್ತಿಕೊಂಡು, ಹಿಂದಕ್ಕೆ ಚಾಚಿ ನಿಂತಿತ್ತು. ಎರಡು ಕನ್ನಡಿಗಳನ್ನು ಎದುರುಬದುರು ಹಿಡಿಸಿ ನಾನೂ ನೋಡಿದೆ. ನನ್ನ ಬೆನ್ನನ್ನು ನಾನು ಕಂಡದ್ದು ಅದೇ ಮೊದಲು. ಕಾಣದಿದ್ದರೇ ಒಳ್ಳೆಯದಿತ್ತು ಎನಿಸಿತು.

ಬೆಂಗಳೂರಿನಲ್ಲಿ ನರರೋಗ ತಜ್ಞರೊಬ್ಬರನ್ನು ಕಾಣಲು ಹೋದೆವು. ಅವರು ಮಾತನಾಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ನನ್ನ ಕತೆಯನ್ನೆಲ್ಲ ಹೇಳಿಸಿಕೊಂಡು, ನನ್ನ ಬಲಗೈಯನ್ನು ತಾವೇ ಹಿಡಿದು ಮೆಲ್ಲನೆ ಮೇಲೆತ್ತಿದರು. ಅದು ಕಿವಿಯವರೆಗೂ ಸಲೀಸಾಗಿ ಹೋಯಿತು.

"ನೋಡಿದಿರಾ ಮೇಷ್ಟ್ರೆ, ಕೀಲು ಬಿಗಿದಿದ್ದರೆ ನಾನು ಎತ್ತಿದರೂ ಬರುತ್ತಿರಲಿಲ್ಲ. ನಾನು ಎತ್ತಬಲ್ಲೆ, ನೀವು ಎತ್ತಲಾರಿರಿ. ಬಾಗಿಲು ಸರಿಯಾಗಿದೆ, ತೆಗೆಯುವ ಆಳು ಬಂದಿಲ್ಲ."

ಎಂಟು ವಾರ ಹೊತ್ತುಕೊಂಡು ತಿರುಗಿದ ಗೊಂದಲ ಈ ಎರಡು ಮಾತಿನಲ್ಲಿ ತಿಳಿಯಾಯಿತು.

ಅನಂತರ ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕತ್ತಿನಲ್ಲಿರುವ ಮೂಳೆಗಳು ಏಳು, ಅಲ್ಲಿಂದ ಹೊರಡುವ ನರಗಳು ಮಾತ್ರ ಎಂಟು ಜೋಡಿ. ಇಂಥ ಲೆಕ್ಕವನ್ನು ಛಂದಸ್ಸಿನಲ್ಲಿ ಯಾವ ವಿದ್ಯಾರ್ಥಿಯಾದರೂ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ. ಆ ಎಂಟರಲ್ಲಿ ಕೊನೆಯ ನಾಲ್ಕು, ಎದೆಯ ಭಾಗದ ಮೊದಲನೆಯದೊಂದು, ಹೀಗೆ ಐದು ಬೇರುಗಳು ಕತ್ತಿನ ಪಕ್ಕದಲ್ಲಿ ಹೊರಬಂದು, ಕೂಡಿ, ಕವಲೊಡೆದು, ಮತ್ತೆ ಕೂಡಿ, ಕಾಲರ್ ಮೂಳೆಯ ಹಿಂದೆ ಹಾಯ್ದು ಕಂಕುಳಿಗೆ ಇಳಿಯುತ್ತವೆ. ಇದು ತೋಳಿನ ನರಜಾಲ. ಹೆಗಲಿನಿಂದ ಬೆರಳಿನ ತುದಿಯವರೆಗೆ ನಾವು ಮಾಡುವ ಪ್ರತಿಯೊಂದು ಕೆಲಸದ ಅಪ್ಪಣೆಯೂ ಈ ಜಾಲದ ಮೂಲಕವೇ ಹೋಗಬೇಕು. ಜ್ವರದ ಕಾಲದಲ್ಲಿ ರೋಗಾಣುಗಳ ಮೇಲೆ ಕಾದಾಡಲು ಎದ್ದ ನನ್ನ ಮೈಯ ಕಾವಲುಪಡೆ, ಕಾದಾಟ ಮುಗಿದ ಮೇಲೆ ಶತ್ರುವೆಂದು ಭ್ರಮಿಸಿ ಈ ಜಾಲದ ಮೇಲೆ ಬಿದ್ದಿತ್ತು ಎಂದು ಅವರ ಅಭಿಪ್ರಾಯ. ಹಲಗೆಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಒಂದು ಸ್ನಾಯು ಇದೆ; ಅದಕ್ಕೆ ಹೋಗುವ ಉದ್ದನೆಯ ತೆಳುನರ ಪೆಟ್ಟು ತಿಂದಿತ್ತು. ಆ ಸ್ನಾಯು ಸೋತರೆ ಮೂಳೆ ರೆಕ್ಕೆಯಾಗುತ್ತದೆ. ಮೂಳೆ ನೆಲೆನಿಲ್ಲದ ಮೇಲೆ ಕೈ ಮೇಲೇರದು.

ಪಾರ್ಸನೇಜ್ ಮತ್ತು ಟರ್ನರ್ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು 136 ಮಂದಿ ರೋಗಿಗಳ ವಿವರಗಳನ್ನು ಸಂಗ್ರಹಿಸಿ, 1948ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ರೋಗವನ್ನು ವರ್ಣಿಸಿದರಂತೆ. ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ರಾತ್ರಿ ಬರುವ ತೀವ್ರ ನೋವು, ಅದು ಇಳಿಯುತ್ತಿದ್ದಂತೆ ಕಾಣುವ ಬಲಹೀನತೆ, ಬಳಿಕ ಸ್ನಾಯು ಸೊರಗುವುದು: ನನ್ನ ಎರಡು ತಿಂಗಳ ದಿನಚರಿಯನ್ನು ನನಗೆ ತೋರಿಸದೆ ಯಾರೊ ಎಂದೊ ಅಚ್ಚುಹಾಕಿಸಿದ್ದರು! ಜ್ವರ ಮಾತ್ರವಲ್ಲ, ಶಸ್ತ್ರಚಿಕಿತ್ಸೆ, ಹೆರಿಗೆ, ಅಭ್ಯಾಸವಿಲ್ಲದ ಭಾರೀ ಶ್ರಮ, ಇವುಗಳ ಬೆನ್ನಿಗೂ ಇದು ಬರುವುದುಂಟು. ಲಕ್ಷಕ್ಕೆ ಇಬ್ಬರು ಮೂವರಿಗೆ ಬರುವ ಅಪರೂಪದ ರೋಗವೆಂದು ಬಹುಕಾಲ ತಿಳಿಯಲಾಗಿತ್ತು. ನೆದರ್‌ಲೆಂಡ್ಸಿನಲ್ಲಿ ಸಾಮಾನ್ಯ ವೈದ್ಯರಿಗೆ ಇದನ್ನು ಗುರುತಿಸುವ ಕ್ರಮವನ್ನು ಕಲಿಸಿ, ಒಂದು ವರ್ಷ ಎಣಿಸಿ ನೋಡಿದಾಗ, ಸಾವಿರಕ್ಕೆ ಒಬ್ಬರಂತೆ ಲೆಕ್ಕ ಬಂದಿತಂತೆ. 2015ರಲ್ಲಿ ಅದು ಪ್ರಕಟವಾಗಿದೆ. ರೋಗ ಹೆಚ್ಚಿದ್ದಲ್ಲ, ನೋಡುವ ಕಣ್ಣು ಹೆಚ್ಚಿತು.

"ಔಷಧ?" ಎಂದೆ.

"ಮೊದಲ ದಿನಗಳಲ್ಲೇ ಬಂದಿದ್ದರೆ ನೋವು ಬೇಗ ತಗ್ಗಲು ಸ್ಟೆರಾಯ್ಡ್ ಕೊಟ್ಟು ನೋಡಬಹುದಾಗಿತ್ತು. ಈಗ ಕಾಯಬೇಕು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ವರ್ಷವಾಗಬಹುದು, ಎರಡು ವರ್ಷವಾಗಬಹುದು. ಬಹುಮಟ್ಟಿಗೆ ಹಿಂತಿರುಗುತ್ತದೆ, ಪೂರ್ತಿ ಎಂದು ಮಾತು ಕೊಡಲಾರೆ."

ದಿನಕ್ಕೆ ಒಂದು ಮಿಲಿಮೀಟರ್! ನಮ್ಮ ಕಾಲೇಜಿನ ಕಡತ ಕೂಡ ಇದಕ್ಕಿಂತ ವೇಗವಾಗಿ ಚಲಿಸುತ್ತದೆ.

ಇಷ್ಟಾಗಿದ್ದರೆ ಇದು ನನ್ನೊಬ್ಬನ ಕತೆಯಾಗಿ ಮುಗಿಯುತ್ತಿತ್ತು. ಬರೆಯುವ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಚೀಟಿ ಬರೆಯುವ ಮುನ್ನ ಡಾಕ್ಟರು, ಕತ್ತಿನ ತೊಂದರೆಯೊ ಮಣಿಕಟ್ಟಿನ ತೊಂದರೆಯೊ ಜೊತೆಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಇನ್ನೂ ಕೆಲವು ಪ್ರಶ್ನೆ ಕೇಳಿದರು. ಕೆಮ್ಮಿದರೆ ನೋವು ತೋಳಿಗೆ ಹರಿಯುವುದೆ? ಇಲ್ಲ. ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಾಯೆನಿಸುವುದೆ? ಇಲ್ಲ. ಬೆರಳುಗಳಲ್ಲಿ ಜೋಮು? ಇಲ್ಲ.

"ನಡುರಾತ್ರಿಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮುಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಕಡಮೆಯಾಗುವುದುಂಟೆ?"

"ಇಲ್ಲ," ಎಂದೆ.

"ನನಗೆ ಆಗುತ್ತೆ," ಎಂದಳು ಪಕ್ಕದಲ್ಲಿ ನನ್ನ ಕಾಗದಪತ್ರಗಳನ್ನು ಹಿಡಿದು ಕುಳಿತಿದ್ದ ನನ್ನ ಮಡದಿ. ಹೇಳಿದ ಮೇಲೆ, ಬೇರೆಯವರ ಪಾಳಿಯಲ್ಲಿ ತಾನು ಮಾತನಾಡಿಬಿಟ್ಟೆನೆಂಬಂತೆ ತಲೆ ತಗ್ಗಿಸಿದಳು.

"ಎಷ್ಟು ದಿನದಿಂದಮ್ಮ?"

"ದಿನ ಅಲ್ಲ ಡಾಕ್ಟ್ರೆ. ಎರಡು ವರ್ಷ ಆಯ್ತು."

ನನಗೆ ಬಳೆಗಳ ಸದ್ದು ನೆನಪಾಯಿತು. ಎರಡು ವರ್ಷಗಳ ಹಿಂದೆ ರಾತ್ರಿಯ ಹೊತ್ತು ಪಕ್ಕದಲ್ಲಿ ಗಾಜಿನ ಬಳೆಗಳು ಝಲ್ಲೆನ್ನುತ್ತಿದ್ದವು. ಒಮ್ಮೆ ನಾನು, "ಇದೇನು, ನಡುರಾತ್ರಿಯಲ್ಲಿ ಬಳೆ ಕೊಡವುತ್ತೀಯೆ? ನಾಳೆ ನನಗೆ ಮೊದಲ ಪೀರಿಯಡ್ ಇದೆ," ಎಂದು ಗದರಿದ್ದೆ. "ಕೈ ಜೋಮು," ಎಂದಿದ್ದಳು. "ಜೋಮು ತಾನೆ, ಕೈಮೇಲೆ ಮಲಗಿದ್ದೀಯೆ," ಎಂದು ಮಗ್ಗುಲಾಗಿದ್ದೆ. ಮರುದಿನದಿಂದ ಅವಳು ಬಳೆಗಳನ್ನು ತೆಗೆದಿಟ್ಟು ಮಲಗತೊಡಗಿದಳು. ಮುತ್ತೈದೆ ಬರಿಗೈಯಲ್ಲಿ ಮಲಗುವುದು ಶ್ರೇಯಸ್ಸಲ್ಲವೆಂದು ನಮ್ಮ ತಾಯಿಯವರು ಆಕ್ಷೇಪಿಸಿದರು. ಆಮೇಲೆ ಅವಳು ಬಳೆಗಳನ್ನು ತೊಟ್ಟು, ಅವುಗಳ ಮೇಲೆ ನನ್ನದೇ ಹಳೆಯ ಕರವಸ್ತ್ರವೊಂದನ್ನು ಸುತ್ತಿಕೊಂಡು ಮಲಗುತ್ತಿದ್ದಳು. ಸದ್ದು ನಿಂತಿತು. ಆ ಕರವಸ್ತ್ರವನ್ನು ನಾನು ದಿನವೂ ನೋಡುತ್ತಿದ್ದೆ. ಏಕೆಂದು ಒಮ್ಮೆಯೂ ಕೇಳಲಿಲ್ಲ. ಕಾವ್ಯದಲ್ಲಿ ಧ್ವನಿಯನ್ನು ಕುರಿತು ಮೂರು ತಿಂಗಳು ಪಾಠ ಹೇಳುವ ಮನುಷ್ಯ ನಾನು.

ಡಾಕ್ಟರು ಅವಳ ಎರಡೂ ಮಣಿಕಟ್ಟುಗಳನ್ನು ಒಂದು ನಿಮಿಷ ಮಡಿಸಿ ಹಿಡಿಯಲು ಹೇಳಿದರು. ಅರ್ಧ ನಿಮಿಷಕ್ಕೇ ಬಲಗೈಯ ಬೆರಳುಗಳಲ್ಲಿ ಜುಮ್ಮೆಂದು ಶುರುವಾಯಿತು. ಜಾರ್ಜ್ ಫೇಲನ್ ಎಂಬ ಅಮೆರಿಕದ ಶಸ್ತ್ರವೈದ್ಯರು 1950ರ ದಶಕದಲ್ಲಿ ಬಳಕೆಗೆ ತಂದ ಪರೀಕ್ಷೆ ಇದು. ದುಡ್ಡೂ ಬೇಡ, ಯಂತ್ರವೂ ಬೇಡ. ಮಣಿಕಟ್ಟಿನಲ್ಲಿ ಮೂಳೆಗಳ ಒಂದು ಸಣ್ಣ ಕಾಲುವೆ ಇದೆ, ಅದರ ಮೇಲೆ ಗಟ್ಟಿಯಾದ ಪಟ್ಟಿಯ ಚಾವಣಿ. ಆ ಇಕ್ಕಟ್ಟಿನಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಹಾಯಬೇಕು. ಸ್ವಲ್ಪ ಊತ ಬಂದರೂ ಪೆಟ್ಟು ಬೀಳುವುದು ಮೆತ್ತಗಿರುವ ನರಕ್ಕೆ. ಹೆಂಗಸರಲ್ಲಿ ಇದು ಹೆಚ್ಚು. ಬಸಿರಿನಲ್ಲಿ, ಸಕ್ಕರೆ ಕಾಯಿಲೆಯಲ್ಲಿ, ಥೈರಾಯ್ಡ್ ಕುಂದಿದವರಲ್ಲಿ ಮತ್ತೂ ಹೆಚ್ಚು. ಮಲಗಿದಾಗ ಮಣಿಕಟ್ಟು ತಾನಾಗಿ ಮಡಿಸಿಕೊಳ್ಳುವುದರಿಂದ ರಾತ್ರಿಯೇ ಇದರ ಹೊತ್ತು. ಬೇಗ ತಿಳಿದರೆ ರಾತ್ರಿ ಮಣಿಕಟ್ಟನ್ನು ನೆಟ್ಟಗಿಡುವ ಒಂದು ಪಟ್ಟಿಯಿಂದಲೇ ಅನೇಕರಿಗೆ ಗುಣವಾಗುತ್ತದಂತೆ.

"ಇವರದು ಬೇಗ ಅಲ್ಲ," ಎನ್ನುತ್ತ ಅವರು ಅವಳ ಎರಡು ಅಂಗೈಗಳನ್ನೂ ಪಕ್ಕಪಕ್ಕದಲ್ಲಿಟ್ಟು ನನಗೆ ತೋರಿಸಿದರು. ಎಡಗೈಯಲ್ಲಿ ಹೆಬ್ಬೆರಳಿನ ಬುಡದ ಮಾಂಸ ದುಂಡಗೆ ತುಂಬಿಕೊಂಡಿತ್ತು. ಬಲಗೈಯಲ್ಲಿ ಅದೇ ಜಾಗ ತಗ್ಗಾಗಿ, ಒಣಗಿದ ಹಣ್ಣಿನ ಸಿಪ್ಪೆಯಂತೆ ಕುಸಿದಿತ್ತು. ಹನ್ನೊಂದು ವರ್ಷಗಳ ಹಿಂದೆ ಪಾಣಿಗ್ರಹಣದಲ್ಲಿ ನಾನು ಹಿಡಿದ ಕೈ ಅದು.

ಒಂದೊಂದಾಗಿ ಎಲ್ಲವೂ ನೆನಪಿಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಕೈಜಾರಿ ಬೀಳುತ್ತಿದ್ದ ಲೋಟಗಳು. "ನಮ್ಮ ಸೊಸೆಗೆ ಕೈಯಲ್ಲಿ ನಿಗಾ ಇಲ್ಲ," ಎಂಬ ತಾಯಿಯವರ ಗೊಣಗಾಟ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವುದು. ಕಣ್ಣು ಮಂಜಾಗಿದೆಯೆಂದು ನಾನು ಕನ್ನಡಕದ ಮಾತೆತ್ತಿದ್ದು. ಎಲ್ಲಕ್ಕಿಂತ ಹೆಚ್ಚಾಗಿ ಹೂವಿನ ಪ್ರಕರಣ. ಮದುವೆಯಾದಂದಿನಿಂದ ಅವಳು ಮಾರುಕಟ್ಟೆಯಿಂದ ಬಿಡಿ ಮಲ್ಲಿಗೆ ತರಿಸಿ, ಸಂಜೆ ಪಡಸಾಲೆಯಲ್ಲಿ ಕುಳಿತು, ಮಾತನಾಡುತ್ತಲೇ ಮಾರುಗಟ್ಟಲೆ ಕಟ್ಟಿಬಿಡುತ್ತಿದ್ದಳು. ಎರಡು ವರ್ಷದಿಂದ ಕಟ್ಟಿದ ಹೂವನ್ನೇ ಕೊಳ್ಳುತ್ತಿದ್ದಳು. ತಿಂಗಳ ಲೆಕ್ಕ ಬರೆಯುವಾಗ, "ಕೂತು ಕಟ್ಟಿದರೆ ಅರ್ಧ ದುಡ್ಡು ಉಳಿಯುತ್ತದೆ," ಎಂದು ನಾನು ಹೇಳಿದ್ದುಂಟು. ಅದಕ್ಕೆ ಅವಳು ಉತ್ತರ ಕೊಟ್ಟಿರಲಿಲ್ಲ. ಹೂವಿನ ಕಾಲನ್ನು ಹಿಡಿದು ದಾರದ ಕುಣಿಕೆ ಹಾಕುವುದು ಹೆಬ್ಬೆರಳು ತೋರುಬೆರಳುಗಳ ಕೆಲಸ. ಅವುಗಳಿಗೆ ಹೂವು ಸಿಕ್ಕಿದೆಯೊ ಇಲ್ಲವೊ ತಿಳಿಯುತ್ತಲೇ ಇರಲಿಲ್ಲವಂತೆ.

"ಯಾಕೆ ಹೇಳಲಿಲ್ಲ?" ಎಂದು ಹಿಂತಿರುಗುವಾಗ ರೈಲಿನಲ್ಲಿ ಕೇಳಿದೆ. ರಾಮನಗರದ ಬಂಡೆಗಳು ಕಳೆಯುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಹೇಳಿದ್ದೆನಲ್ಲ. ಜೋಮು ಅಂತ," ಎಂದಳು.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕುಂದಿರುವುದೂ ತಿಳಿಯಿತು. ಅವಳ ಆಯಾಸಕ್ಕೂ ಒಂದು ಕಾರಣವಿದ್ದಿತೆಂದಾಯಿತು. ಮುಂದಿನ ತಿಂಗಳು ಮಣಿಕಟ್ಟಿನ ಶಸ್ತ್ರಚಿಕಿತ್ಸೆ ನಡೆಯಿತು. ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಅಂಗೈಯ ಬುಡದಲ್ಲಿ ಸಣ್ಣದೊಂದು ಗಾಯ ಮಾಡಿ ಆ ಪಟ್ಟಿಯನ್ನು ಸೀಳಿದರು. ಸಂಜೆಗೆ ಮನೆಗೆ ಬಂದೆವು. ಅಂದು ರಾತ್ರಿ ಅವಳು ಎದ್ದು ಕೈ ಕೊಡವಲಿಲ್ಲ. ಎಚ್ಚರವಾಗಿದ್ದು ಕೇಳುತ್ತಿದ್ದವನು ನಾನು. ಜೋಮು ಹೋಯಿತು, ಸೊರಗಿದ ಮಾಂಸ ತುಂಬಿಕೊಂಡಿಲ್ಲ, ತೋರುಬೆರಳಿನ ತುದಿಗೆ ಸ್ಪರ್ಶ ಇನ್ನೂ ಮಂಕು.

ನಮ್ಮ ಸಂಸ್ಕೃತ ವಿಭಾಗದ ಸ್ನೇಹಿತರೊಬ್ಬರು ನನ್ನ ಕತೆ ಕೇಳಿ, ತೋಳಿನ ಹಿಂಭಾಗದಿಂದ ಬೆರಳುಗಳವರೆಗೆ ವಾತವು ಹಬ್ಬಿ ಕೈಯ ಕೆಲಸವನ್ನು ಕೆಡಿಸುವ ರೋಗವೊಂದನ್ನು ಸುಶ್ರುತಸಂಹಿತೆಯಲ್ಲಿ ತೋರಿಸಿದರು. ಅದರ ಹೆಸರು ವಿಶ್ವಾಚಿ. ಯಯಾತಿ ಮಹಾರಾಜ ಮಗನಿಂದ ಯೌವನವನ್ನು ಎರವಲು ಪಡೆದು ವಿಹರಿಸಿದ್ದು ವಿಶ್ವಾಚಿಯೆಂಬ ಅಪ್ಸರೆಯೊಡನೆ. ಕೈಯ ಕಸುವನ್ನು ಕಸಿಯುವ ರೋಗಕ್ಕೆ ಅಪ್ಸರೆಯ ಹೆಸರು ಹೇಗೆ ಬಂದಿತೊ! ನನಗೆ ಬಂದದ್ದು ಅದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ 'ಪಾರ್ಸನೇಜ್ ಟರ್ನರ್' ಎಂಬುದಕ್ಕಿಂತ ಕನ್ನಡ ಮೇಷ್ಟರಿಗೆ ಇದು ಒಪ್ಪುತ್ತದೆ.

ಈಗ ಹದಿನಾಲ್ಕು ತಿಂಗಳು ತುಂಬಿವೆ. ಹಲಗೆಯ ಮೇಲಿನಿಂದ ಮೂರನೆಯ ಸಾಲಿನವರೆಗೆ ನನ್ನ ಕೈ ಏರುತ್ತದೆ. ಮೇಲಿನ ಎರಡು ಸಾಲುಗಳನ್ನು ನಕ್ಕಿದ್ದ ಹುಡುಗನಿಂದಲೇ ಬರೆಸುತ್ತೇನೆ, ಅವನ ಅಕ್ಷರ ದುಂಡಗಿದೆ. ಮನೆಯಲ್ಲಿ ಕಳೆದ ವಾರ ಗೌರಿಹಬ್ಬಕ್ಕೆ ಅವಳು ಬಿಡಿ ಮಲ್ಲಿಗೆ ತರಿಸಿದಳು. ದಾರದ ತುದಿಯನ್ನು ನಾನು ಹಿಡಿದು ಕುಳಿತೆ. ಒಂದು ಮೊಳ ಕಟ್ಟಲು ಒಂದು ಗಂಟೆ ಹಿಡಿಯಿತು. ನಡುನಡುವೆ ಹೂವು ಜಾರಿ ಮಡಿಲಿಗೆ ಬೀಳುತ್ತಿತ್ತು. ತಾಯಿಯವರು ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿ, ಕಿವಿಗೆ ಮೊಬೈಲ್ ಹಿಡಿದು ತಮ್ಮ ತಂಗಿಯೊಡನೆ ಮಾತನಾಡುತ್ತಿದ್ದವರು, ಮಾತು ಮುಗಿಸಿ, ಬಹಳ ಹೊತ್ತು ಸೊಸೆಯ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹತ್ತಿರ ಬಂದು ಕುಳಿತರು.

"ಮಗು, ಅದು ಹೆಬ್ಬೆರಳಿಗೇ ಬರೋದೇನು? ಕಿರುಬೆರಳಿಗೂ ಬರತ್ತೇನು?"

ನಾನು ದಾರದ ತುದಿಯನ್ನು ಮಗಳ ಕೈಗೆ ಕೊಟ್ಟೆ.

"ಯಾವ ಕೈ ಅಮ್ಮ? ಯಾವ ಹೊತ್ತಿನಲ್ಲಿ?"